ಸಂಬಂಧ: ಪಿ.ಪಿ.

೨೦೦೭ರ ಜೂನ್ ತಿಂಗಳಿನಲ್ಲಿ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ವಧೂವರರ ವೆಬ್‌ಸೈಟ್ ನಡೆಸುತ್ತಿದ್ದ ಒಂದು ಖಾಸಗಿ ಸಂಸ್ಥೆಯ ಶಾಖೆಗೆ ಗ್ರಾಹಕ ಸೇವಾ ಸಹಾಯಕಿಯಾಗಿ ಸೇರಿದೆ. ಶಾಖೆ ಎಂದರೆ ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕಂಪ್ಯೂಟರು, ಒಂದು ದೂರವಾಣಿ ಮತ್ತು ಗೋಡೆಯ ಮೇಲೆ ಹಾರ ಹಾಕಿಕೊಂಡು ನಗುತ್ತಿದ್ದ ಒಂದು ಜೋಡಿಯ ದೊಡ್ಡ ಚಿತ್ರ. ಬಂದವರೆಲ್ಲ ಆ ಚಿತ್ರ ನೋಡಿ, "ಇವ್ರಿಗೆ ನಿಮ್ಮಲ್ಲೇ ಸೆಟ್ ಆಗಿದ್ದಾ?" ಎಂದು ವಿಚಾರಿಸುತ್ತಿದ್ದರು. ಆ ಜೋಡಿ ಯಾರೆಂದು ನಮಗೂ ತಿಳಿದಿರಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ತಂದೆಯವರು ಲಾರಿ ಆಫೀಸೊಂದರಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಮಗಳು ಬಿ.ಕಾಂ. ಓದಿ ಮೇಜು ಕುರ್ಚಿಯ ಕೆಲಸಕ್ಕೆ ಸೇರಿದಳೆಂಬ ಹೆಮ್ಮೆ ಅವರದು. ಆ ಕುರ್ಚಿಯಿಂದ ಯಾರಾದರೂ ಎಬ್ಬಿಸಿಬಿಟ್ಟಾರು ಎಂಬ ಅಂಜಿಕೆ ನನ್ನದು. ಆದ್ದರಿಂದ ತರಬೇತಿಯಲ್ಲಿ ಕೊಟ್ಟಿದ್ದ ಮಾತಿನ ಮಾದರಿಯನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದೆ. "ನಮಸ್ಕಾರ, ತಮಗೆ ಯಾವ ರೀತಿಯಲ್ಲಿ ನೆರವಾಗಬಹುದು?" ಎಂದು ನಾನು ಆರಂಭಿಸಿದರೆ, ಬಂದವರು ಒಮ್ಮೆ ಹಿಂದೆ ತಿರುಗಿ, ಬೇರೆ ಯಾರಾದರೂ ದೊಡ್ಡವರು ಬಂದಿದ್ದಾರೆಯೇ ಎಂದು ನೋಡಿ ಆಮೇಲೆ ಕುಳಿತುಕೊಳ್ಳುತ್ತಿದ್ದರು.

ಮನೆಯಲ್ಲಿ ಇಂಟರ್ನೆಟ್ ಇಲ್ಲದವರಿಗೆ ವೆಬ್‌ಸೈಟಿನಲ್ಲಿ ಖಾತೆ ತೆರೆದುಕೊಡುವುದು, ಭಾವಚಿತ್ರ ಹಾಕುವುದು, ಗುಪ್ತಪದ, ಅಂದರೆ ಪಾಸ್‌ವರ್ಡ್, ಮರೆತವರಿಗೆ ಖಾತೆಯನ್ನು ಮರಳಿ ದೊರಕಿಸುವುದು ನನ್ನ ಕೆಲಸ. ಪ್ರತಿ ಖಾತೆಗೂ ಒಂದು ದೂರವಾಣಿ ಸಂಖ್ಯೆ ಇರಲೇಬೇಕಾಗಿತ್ತು. ವರನ ಕಡೆಯವರು ಕರೆ ಮಾಡುತ್ತಿದ್ದುದು ಆ ಸಂಖ್ಯೆಗೆ. ಗುಪ್ತಪದ ಮರೆತರೆ ಹೊಸದನ್ನು ಪಡೆಯಲು ಬೇಕಾದ ಪಿನ್, ಅಂದರೆ ಕೆಲವು ಅಂಕಿಗಳ ಗುಟ್ಟಿನ ಸಂಖ್ಯೆ, ಬರುತ್ತಿದ್ದುದೂ ಅದೇ ಸಂಖ್ಯೆಗೆ. ಆ ಸಂಖ್ಯೆಯನ್ನೇ ಬದಲಿಸಬೇಕೆಂದರೆ ಹಳೆಯ ಸಂಖ್ಯೆಗೆ ಒಂದು ಧ್ವನಿಮುದ್ರಿತ ಕರೆ ಹೋಗುತ್ತಿತ್ತು: "ಈ ಖಾತೆಯಿಂದ ತಮ್ಮ ದೂರವಾಣಿ ಸಂಖ್ಯೆಯನ್ನು ತೆಗೆಯಲು ಕೋರಿಕೆ ಬಂದಿದೆ. ಸಮ್ಮತಿಯಿದ್ದಲ್ಲಿ ಒಂದನ್ನು ಒತ್ತಿ. ಸಮ್ಮತಿ ಇಲ್ಲದಿದ್ದಲ್ಲಿ ಎರಡನ್ನು ಒತ್ತಿ." ಯಾರದೋ ಮಗಳ ಖಾತೆಗೆ ಇನ್ನಾರೋ ಕಿಡಿಗೇಡಿಗಳು ತಮ್ಮ ಸಂಖ್ಯೆ ಸೇರಿಸಿಬಿಡಬಾರದು ಎಂಬುದು ಇದರ ಉದ್ದೇಶ. ನಿಯಮ ಒಳ್ಳೆಯದೇ. ಆದರೆ ಅದನ್ನು ಮಾಡಿದವರಿಗೆ ಪಿ.ಪಿ. ಎಂಬುದರ ಕಲ್ಪನೆ ಇರಲಿಲ್ಲ.

ಇಂದಿನ ಓದುಗರಿಗೆ ಪಿ.ಪಿ. ಎಂದರೇನೆಂದು ಹೇಳಬೇಕು. ಟ್ರಂಕ್ ಕಾಲ್ ಕಾಲದಲ್ಲಿ ನಿರ್ದಿಷ್ಟ ವ್ಯಕ್ತಿಯನ್ನು ಕರೆಸಿ ಮಾತನಾಡುವ ಕರೆಗೆ 'ಪರ್ಟಿಕ್ಯುಲರ್ ಪರ್ಸನ್' ಎಂಬ ಹೆಸರಿತ್ತು, ಪಿ.ಪಿ. ಅದರ ಚಿಕ್ಕ ರೂಪ. ಮುಂದೆ ಬೀದಿಗೊಂದು ಫೋನ್ ಬಂದಾಗ ಜನ ತಮ್ಮ ಲಗ್ನಪತ್ರಿಕೆಯಲ್ಲೂ ಮಕ್ಕಳ ಶಾಲೆಯಲ್ಲೂ ನೆರೆಯವರ ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಪಿ.ಪಿ. ಎಂದು ಬರೆಸತೊಡಗಿದರು. ನಮ್ಮಲ್ಲಿ ಅದನ್ನು 'ಪಕ್ಕದ್ಮನೆ ಫೋನು' ಎಂದೇ ಬಿಡಿಸುತ್ತಿದ್ದರು. ನಾನೂ ಪದವಿಗೆ ಬರುವವರೆಗೆ ಅದೇ ಸರಿಯೆಂದು ತಿಳಿದಿದ್ದೆ.

ಆ ವರ್ಷ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಭದ್ರಾವತಿಯಿಂದ ರುದ್ರಪ್ಪನವರು ಬಂದರು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಹೊಸ ಮೊಬೈಲು. ಜೊತೆಯಲ್ಲಿ ಮಗಳು ಉಮಾ. ಆಕೆ ಶಿವಮೊಗ್ಗದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದವರು. ನನ್ನ ನಮಸ್ಕಾರ ಮುಗಿಯುವ ಮೊದಲೇ ರುದ್ರಪ್ಪನವರು ಮೇಜಿನ ಮೇಲೆ ಎರಡೂ ಕೈ ಊರಿದರು.

"ಮೇಡಂ, ಒಂದು ವಿಷ್ಯ ಹೇಳಿ. ನನ್ ಹೆಂಡ್ತಿ ತೀರ್ಕೊಂಡು ಏಳು ವರ್ಷ ಆಯ್ತು. ನಿಮ್ ವೆಬ್‌ಸೈಟಿನೋರು ಯಾರೋ ಅವಳ ಹತ್ರ ಫೋನಲ್ಲಿ ಮಾತಾಡಿದ್ದಾರಂತೆ. ಹೆಂಗೆ ಅದು?"

ಉಮಾ ಅವರೇ ಖಾತೆ ತೆರೆದು ಒಂದು ಸಂದೇಶ ತೋರಿಸಿದರು. ಶಿವಮೊಗ್ಗದ ನವುಲೆಯಲ್ಲಿ ಮನೆಯಿದ್ದ, ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಬಸವರಾಜ ಎಂಬ ವರ ಅದನ್ನು ಕಳುಹಿಸಿದ್ದರು: "ನಮ್ಮ ತಾಯಿಯವರು ನಿಮ್ಮ ತಾಯಿಯವರ ಜೊತೆ ಎರಡು ಸಲ ಮಾತನಾಡಿದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಹಳ ಸಂತೋಷವಾಗಿದೆ. ಅವರು ಹೇಳಿದ ಹಾಗೆ ಭಾನುವಾರ ಬರುತ್ತೇವೆ. ಶುಕ್ರವಾರ ಸಂಜೆ ಮತ್ತೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತೇವೆ."

"ಇದು ಮೋಸ," ಎಂದರು ರುದ್ರಪ್ಪನವರು. "ಸತ್ತೋರ ಹೆಸ್ರಲ್ಲಿ ನಾಟ್ಕ ಆಡ್ತಾರೆ ಅಂದ್ರೆ ಎಂಥ ಜನ ಇರ್ಬೇಕು? ಭಾನುವಾರ ಬರ್ಲಿ. ಬಾಗ್ಲಲ್ಲೇ ನಿಲ್ಸಿ ವಾಪಸ್ ಕಳಿಸ್ತೀನಿ."

"ಅಪ್ಪ," ಎಂದರು ಉಮಾ. ಅವರ ದನಿ ಮೆಲುವಾಗಿತ್ತು. ಆದರೆ ತರಗತಿಯನ್ನು ಸುಮ್ಮನಾಗಿಸಬಲ್ಲಂಥದು. "ಒಂದು ವರ್ಷದಿಂದ ನೋಡ್ತಾ ಇದ್ದೀನಿ. ನಾನೇ ಓದಿ, ಇದು ಆಗ್ಬಹುದು ಅಂದಿದ್ದು ಈ ಒಂದು ಕಡೆಗೆ ಮಾತ್ರ. ಇವ್ರನ್ನ ನೀನು ಬಾಗ್ಲಲ್ಲಿ ಕಳಿಸಿದ್ರೆ ಇನ್ನೊಬ್ರನ್ನ ನಾನು ನೋಡಲ್ಲ. ಮೊದ್ಲು ಫೋನ್ ಎತ್ತಿದ್ದು ಯಾರು ಅಂತ ತಿಳ್ಕೋ."

ನಾನು ಖಾತೆಯಲ್ಲಿದ್ದ ಸಂಖ್ಯೆಯನ್ನು ನೋಡಿದೆ. "ಇದು ತಮ್ಮ ಮನೆಯ ಸ್ಥಿರ ದೂರವಾಣಿ ಸಂಖ್ಯೆಯಲ್ಲವೇ?"

"ನನಗೆಲ್ಲಿಂದ ಬರ್ಬೇಕು ಲ್ಯಾಂಡ್‌ಲೈನು? ಅದು ಪಿಪಿ. ಬರ್ಸೋವಾಗ ಹೇಳಿದ್ನಲ್ಲ, ಮುಂದೆ ಪಿಪಿ ಅಂತ ಹಾಕಿ ಅಂತ!"

ಖಾತೆ ತೆರೆದದ್ದು ನಾನು ಸೇರುವುದಕ್ಕೆ ಮೊದಲು, ರುದ್ರಪ್ಪನವರ ಬಳಿ ಇನ್ನೂ ಮೊಬೈಲ್ ಇಲ್ಲದಿದ್ದಾಗ. ಸಂಖ್ಯೆ ತುಂಬುವ ಚೌಕದಲ್ಲಿ ಅಂಕಿಗಳ ಹೊರತು ಬೇರೇನನ್ನು ಒತ್ತಿದರೂ ಮೂಡುತ್ತಿರಲಿಲ್ಲ. ಹೇಳಿದವರು ಹೇಳಿದ್ದರು, ಒತ್ತಿದವರು ಒತ್ತಿದ್ದರು, ಕಂಪ್ಯೂಟರು ಮಾತ್ರ ಆ ಎರಡು ಅಕ್ಷರಗಳನ್ನು ನುಂಗಿಕೊಂಡಿತ್ತು. ಹೀಗಾಗಿ ಕರೆ ಮಾಡಿದ ಪ್ರತಿಯೊಬ್ಬರಿಗೂ ಅದು ಹುಡುಗಿಯ ಮನೆಯ ಫೋನು. ಅತ್ತ ಫೋನ್ ಎತ್ತಿದ ಹೆಂಗಸು ಹುಡುಗಿಯ ತಾಯಿ.

"ಹಾಗಾದ್ರೆ ಕಣ್ಣಮ್ಮತ್ತೆ," ಎಂದು ಉಮಾ ತಮ್ಮಷ್ಟಕ್ಕೆ ಹೇಳಿಕೊಂಡರು. ರುದ್ರಪ್ಪನವರ ಮುಖ ಕೆಂಪಾಯಿತು.

ಅಲ್ಲಿಯವರೆಗಿನ ಕಥೆಯನ್ನು ತಂದೆ ಮಗಳಿಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾ ಹೇಳಿದರು. ಕಣ್ಣಮ್ಮ ಪಕ್ಕದ ಮನೆಯವರು. ಅವರ ಹಿರಿಯರು ಕಾರ್ಖಾನೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದು ನೆಲೆಸಿದವರು. ಬೀದಿಗೆಲ್ಲ ಅವರ ಮನೆಯಲ್ಲೇ ಮೊದಲು ಫೋನ್ ಬಂದಿತ್ತು. ರುದ್ರಪ್ಪನವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗಲೂ, ಉಮಾ ಅವರಿಗೆ ಕೆಲಸದ ಸುದ್ದಿ ಬಂದಾಗಲೂ ಗೋಡೆಯಾಚೆಯಿಂದ "ಉಮಾ... ಫೋನೂ!" ಎಂದು ಕೂಗಿದ್ದು ಕಣ್ಣಮ್ಮನೇ. ರುದ್ರಪ್ಪನವರ ನಿವೃತ್ತಿಯ ದಿನ ಸಹೋದ್ಯೋಗಿಗಳು ಸೇರಿ ಅವರಿಗೊಂದು ಮೊಬೈಲ್ ಕೊಡಿಸಿದರು. ಮರುದಿನ ಎಂದಿನಂತೆ ಯಾವುದೋ ಕರೆ ಬಂದು, ಒಲೆಯ ಮೇಲಿನ ಸಾರು ಬಿಟ್ಟು ಕಣ್ಣಮ್ಮ ಓಡಿ ಬಂದರೆ, ರುದ್ರಪ್ಪನವರು ಜಗುಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಮಾತನಾಡುತ್ತಿದ್ದರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವರು ಮೊಬೈಲನ್ನು ಮೇಲೆತ್ತಿ ತೋರಿಸಿ, "ಇನ್ಮೇಲೆ ನಿಮ್ ಟೆಲಿಫೋನ್ ಎಕ್ಸ್‌ಚೇಂಜ್ ಬಂದ್ ಬಿಡು ಕಣ್ಣಮ್ಮ" ಎಂದುಬಿಟ್ಟರು.

"ತಮಾಷೆಗಂದೆ ಮೇಡಂ. ಅಷ್ಟಕ್ಕೇ ಮಾತು ಬಿಟ್ಲು. ಒಂದು ವರ್ಷ ಆಯ್ತು."

"ಸಾರು ಸೀದು ಹೋಗಿತ್ತು ಅವತ್ತು," ಎಂದರು ಉಮಾ.

"ಸಾರಿನ ವಿಷ್ಯ ಬಿಡು. ಈಗ ನೋಡು, ಸೇಡು ತೀರ್ಸ್ಕೋತಾ ಇದ್ದಾಳೆ. ಬಂದೋರ್ಗೆಲ್ಲ ಏನೇನ್ ಹೇಳಿದ್ದಾಳೋ. ಮೇಡಂ, ಮೊದ್ಲು ಆ ನಂಬರ್ ಕಿತ್ತಾಕಿ. ನನ್ ಮೊಬೈಲ್ ಹಾಕಿ. ನಾಳೆ ಸಂಜೆ ಆ ನವುಲೆಯೋರ ಫೋನು ನನಗೇ ಬರ್ಲಿ."

ಬೇರೆ ದಾರಿಗಳೇನೂ ಇರಲಿಲ್ಲ. ಸಂದೇಶದಲ್ಲಿ ದೂರವಾಣಿ ಸಂಖ್ಯೆ ಬರೆದರೆ ವೆಬ್‌ಸೈಟು ತಾನಾಗಿಯೇ ಅಳಿಸುತ್ತಿತ್ತು. ಎದುರಿನವರ ಸಂಖ್ಯೆಯನ್ನು ನೋಡುವ ಸೌಲಭ್ಯ ಉಮಾ ಅವರ ಉಚಿತ ಸದಸ್ಯತ್ವಕ್ಕೆ ಇರಲಿಲ್ಲ. ನಾನು ಸಂಖ್ಯೆ ಬದಲಾವಣೆಯ ಗುಂಡಿ ಒತ್ತಿದೆ. ಭದ್ರಾವತಿಯಲ್ಲಿ ಕಣ್ಣಮ್ಮನವರ ಫೋನು ಹೊಡೆದುಕೊಂಡಿರಬೇಕು. ತುಸು ಹೊತ್ತಿನಲ್ಲಿ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ನಿರಾಕರಿಸಲಾಗಿದೆ.

"ಒತ್ತಿದ್ಲಾ ಎರಡು?" ಎಂದು ರುದ್ರಪ್ಪನವರು ಪರದೆಯತ್ತ ಬಾಗಿದರು. "ಒತ್ತೇ ಒತ್ತಿರ್ತಾಳೆ. ಇನ್ನೊಂದ್ಸಲ ಹಾಕಿ."

ಇನ್ನೊಮ್ಮೆ ಹಾಕಿದೆ. ಈ ಬಾರಿ ಉತ್ತರ ಇನ್ನೂ ಬೇಗ ಬಂತು. ಮೂರನೆಯ ಸಲವೂ ನಿರಾಕರಣೆ ಬಂದರೆ ಖಾತೆಗೆ ಒಂದು ವಾರ ಬೀಗ ಬೀಳುತ್ತಿತ್ತು. ಅಷ್ಟರಲ್ಲಿ ಭಾನುವಾರ ಕಳೆದೇ ಹೋಗುತ್ತಿತ್ತು. ನಾನು ಕೈ ಹಿಂದೆಗೆದುಕೊಂಡೆ.

"ತಾವೇ ಒಮ್ಮೆ ಹೋಗಿ ಅವರನ್ನು ವಿಚಾರಿಸಬಹುದಲ್ಲವೇ?" ಎಂದು ಕೇಳಿದೆ. ರುದ್ರಪ್ಪನವರು ಗೋಡೆಯ ಮೇಲಿನ ಜೋಡಿಯನ್ನು ನೋಡತೊಡಗಿದರು. ಉಮಾ, "ನನ್ನ ಕಂಡ್ರೂ ಮುಖ ತಿರುಗಿಸ್ತಾರೆ. ಏನಂತ ಹೋಗ್ಲಿ?" ಎಂದರು.

ಇಂಥ ಸಂದರ್ಭಕ್ಕೆಂದು ನಿಯಮಗಳಲ್ಲಿ ಸ್ಥಳ ಪರಿಶೀಲನೆ ಎಂಬುದಿತ್ತು. ನಮ್ಮಲ್ಲೊಬ್ಬರು ಹಳೆಯ ಸಂಖ್ಯೆಯ ಮನೆಗೇ ಹೋಗಿ, ಅವರಿಂದ ಲಿಖಿತ ಒಪ್ಪಿಗೆ ತಂದರೆ ಸಾಕು. ಶಾಖೆಯಲ್ಲಿ ಅಲ್ಲಿಯವರೆಗೆ ಯಾರೂ ಅದನ್ನು ಮಾಡಿರಲಿಲ್ಲ. ದಾವಣಗೆರೆಯಲ್ಲಿದ್ದ ನಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ ಅನುಮತಿ ಕೇಳಿದೆ. "ಹೋಗ್ ಬರ್ರೀ. ಒಪ್ಪಿಗಿ ತಗೊಂಡು ಬರ್ರಿ, ಜಗಳ ತಗೊಂಡು ಬರಬ್ಯಾಡ್ರಿ," ಎಂದರು ಅವರು.

ಶುಕ್ರವಾರ ಮಧ್ಯಾಹ್ನ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿಯೇ ಉರು ಹಾಕಿದೆ. ಅಲ್ಲಿ ಅವರಿದ್ದ ಜನ್ನಾಪುರದ ಬೀದಿಯಲ್ಲಿ ಎರಡು ಮನೆಗಳ ಅಂಗಳದ ನಡುವೆ ಎದೆಮಟ್ಟದ ಒಂದು ಗೋಡೆ. ಒಂದು ಕಡೆ ರುದ್ರಪ್ಪನವರು ತಮ್ಮ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಒರೆಸುತ್ತಿದ್ದರು. ಇನ್ನೊಂದು ಕಡೆ, ಗಟ್ಟಿಮುಟ್ಟಾದ ಒಬ್ಬ ಹೆಂಗಸು ಮೇಕೆಯೊಂದಕ್ಕೆ ಹಲಸಿನ ಸೊಪ್ಪು ಹಾಕುತ್ತಿದ್ದರು.

"ನಮಸ್ಕಾರ. ತಮ್ಮ ದೂರವಾಣಿ ಸಂಖ್ಯೆಯ ವಿಚಾರವಾಗಿ ತಮ್ಮೊಡನೆ ಮಾತನಾಡಲು ಬಂದಿದ್ದೇನೆ," ಎಂದೆ.

ಕಣ್ಣಮ್ಮ ಸೊಪ್ಪು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಓ! ನೀನೇ ತಾನೇ ಆ ಒಂದು ಒತ್ತು, ಎರಡು ಒತ್ತು ಹುಡುಗಿ? ನಿನ್ನೆ ಎಷ್ಟು ಕೇಳ್ದೆ ಮಾ ನಿನ್ನ, ಯಾಕೆ ತೆಗೀತೀಯ, ಯಾರ್ ಹೇಳಿದ್ದು ಅಂತ? ಒಂದಕ್ಕೂ ಉತ್ತರ ಇಲ್ಲ. ನಿನ್ ಪಾಡಿಗೆ ನೀನು ಹೇಳ್ಕೊಂಡೇ ಹೋದೆ. ಸಿಟ್ ಬಂತು, ಎರಡು ಒತ್ಬಿಟ್ಟೆ."

ಅದು ಧ್ವನಿಮುದ್ರಿಕೆ, ನಾನಲ್ಲ ಎಂದು ವಿವರಿಸಲು ಹೊರಟೆ. ನಾನು ವಿವರಿಸಿದಷ್ಟೂ ನನ್ನ ಮಾತು ಆ ಧ್ವನಿಮುದ್ರಿಕೆಯಂತೆಯೇ ಕೇಳಿಸುತ್ತಿದೆಯೆಂದು ನನಗೇ ಅರಿವಾಯಿತು. ಕೊನೆಗೆ ನೇರವಾಗಿ, "ಅಮ್ಮ, ನವುಲೆಯವರ ಹತ್ರ ಮಾತಾಡಿದ್ದು ನೀವೇನಾ?" ಎಂದುಬಿಟ್ಟೆ.

ಕಣ್ಣಮ್ಮ ನನಗೆ ಉತ್ತರಿಸಲಿಲ್ಲ. ಮೇಕೆಯ ಕಡೆ ತಿರುಗಿ, ಗೋಡೆಯಾಚೆಗೆ ಕೇಳಿಸುವಂತೆ ದನಿ ಏರಿಸಿದರು. "ಏ ಮುತ್ತು, ಕೇಳಿಸ್ಕೊಂಡ್ಯಾ? ಇಷ್ಟ್ ವರ್ಷ ಕೂಗಿ ಕೂಗಿ ಗಂಟ್ಲು ಹರ್ಕೊಂಡಿದ್ದಕ್ಕೆ ಈಗ ವಿಚಾರಣೆ ಮಾಡೋಕೆ ಆಫೀಸ್ನೋರ್ನ ಕಳಿಸಿದ್ದಾರೆ."

ಗೋಡೆಯಾಚೆ ರುದ್ರಪ್ಪನವರು ಸೈಕಲ್ಲಿನ ಚಕ್ರವನ್ನು ಒಮ್ಮೆ ತಿರುಗಿಸಿ, ಚಕ್ರಕ್ಕೇ ಹೇಳಿದರು: "ಹುಡುಗಿ ತಾಯಿ ಅಂತ ಸುಳ್ ಹೇಳು ಅಂತ ಯಾರಾದ್ರೂ ಹೇಳಿದ್ರಾ?"

"ಮುತ್ತು, ನಾನ್ ತಾಯಿ ಅಂದ್ನಾ? ಅವ್ರೇ ಅಮ್ಮಾ ಅಂದ್ರು. ಅಮ್ಮಾ ಅಂದೋರ್ಗೆ ಅಲ್ಲ ಅನ್ನೋಕಾಗುತ್ತಾ?"

"ಫೋನ್ ಬಂದ್ರೆ ಬಂತು ಅಂತ ಹೇಳೋದು ಬಿಟ್ಟು!"

"ಎಕ್ಸ್‌ಚೇಂಜ್ ಬಂದ್ ಅಂದ್ಮೇಲೆ ಹೆಂಗಪ್ಪಾ ಹೇಳೋದು, ಮುತ್ತು?"

ಮೇಕೆಯೂ ಸೈಕಲ್ಲೂ ಸುಮ್ಮನಿದ್ದವು. ಯಾರನ್ನು ನೋಡಿ 'ತಾವು' ಎನ್ನಬೇಕೆಂದು ತಿಳಿಯದೆ ನಾನು ಗೋಡೆಯ ಬಳಿ ನಿಂತಿದ್ದೆ. ಜಗಳವಾಡಿದವರು ಹೀಗೆ ಸಾಕುಪ್ರಾಣಿಯ ನೆಪದಲ್ಲಿ ಮಾತು ಮುಟ್ಟಿಸುವುದನ್ನು ನಮ್ಮ ಬೀದಿಯಲ್ಲೂ ನೋಡಿದ್ದೆ. ಸೈಕಲ್ಲಿನ ನೆಪ ಮಾತ್ರ ಹೊಸದು.

ನಾನು ಜಗುಲಿಯ ಮೇಲೆ ಕುಳಿತು, ಬಂದ ಕರೆಗಳ ವಿಚಾರ ಕೇಳಿದೆ. ಈ ಬಾರಿ ಕಣ್ಣಮ್ಮ ನನಗೇ ಹೇಳಿದರು. ಆದರೆ ದನಿ ಇಳಿಸಲಿಲ್ಲ.

"ಮೊದಲ್ನೇದು ತುಮಕೂರು ಕಡೆಯೋನು ಮಾ. ಹುಡುಗಿ ಕೆಲ್ಸ ಬಿಡ್ತಾಳಾ ಅಂದ. ಬಿಡಲ್ಲ, ನೀನ್ ಬಿಡ್ತೀಯಾ ಅಂದೆ. ಇಟ್ಬಿಟ್ಟ. ಇನ್ನೊಬ್ಬ ಮಾತಾಡ್ತಾ ಮಾತಾಡ್ತಾನೇ ಪಕ್ಕದಲ್ಲಿದ್ದ ಅವ್ರಮ್ಮನ್ನ ಬಯ್ದ, ನೀರ್ ತಂದ್ಕೊಡು ಅಂತ. ನಿನಗೆ ಕಾಲಿಲ್ವಾ ಅಂದೆ. ಆಮೇಲೊಬ್ಳು, ಹುಡುಗಿ ಎಷ್ಟು ಬೆಳ್ಳಗವ್ಳೆ ಅಂದ್ಳು. ಸುಣ್ಣ ಬೇಕಿದ್ರೆ ಅಂಗಡಿಗ್ ಹೋಗಮ್ಮ ಅಂದೆ."

ಗೋಡೆಯಾಚೆ ಒರೆಸುವ ಸದ್ದು ನಿಂತಿತು. ರುದ್ರಪ್ಪನವರು ಸೈಕಲ್ಲಿನ ಸೀಟಿಗೆ, "ಸುಣ್ಣದ್ದು ಸರಿಯಾಗೇ ಹೇಳಿದ್ದಾಳೆ," ಎಂದರು.

"ನವುಲೆ ಅಮ್ಮ ಫೋನ್ ಮಾಡ್ತು. ಮೊದ್ಲು ಕೇಳಿದ್ದೇನು ಗೊತ್ತಾ? ಹುಡುಗಿ ದಿನಾ ಬಸ್ಸಲ್ಲಿ ಓಡಾಡ್ತಾಳಲ್ಲ, ಬೆಳಿಗ್ಗೆ ತಿಂಡಿ ತಿಂದ್ಕೊಂಡು ಹೋಗ್ತಾಳಾ ಅಂತ. ಅಷ್ಟ್ ಕೇಳಿದ್ಮೇಲೆ ಇನ್ನೇನ್ ಕೇಳ್ಬೇಕು ಮಾ? ಭಾನುವಾರ ಬನ್ನಿ ಅಂದ್ಬಿಟ್ಟೆ."

"ಅಂದ್ಬಿಟ್ಟು ಇಲ್ಲಿ ಹೇಳ್ಬೇಕಲ್ಲ!" ಎಂದಿತು ಗೋಡೆ.

"ಹೇಳ್ತಾನೇ ಇದ್ದೀನಲ್ಲ, ಸೋಮವಾರದಿಂದ! ಏ ಮುತ್ತು, ಭಾನುವಾರ ನೆಂಟ್ರು ಬರ್ತಾರೆ, ಅಂಗಳ ಗುಡಿಸಿಟ್ಕೋ, ಒಳ್ಳೇ ಬಟ್ಟೆ ಹಾಕ್ಕೋ ಅಂತ ದಿನಾ ಕೂಗ್ತಾ ಇಲ್ವಾ? ಮೇಕೆ ಬಟ್ಟೆ ಹಾಕುತ್ತಾ? ಅಷ್ಟೂ ಬುದ್ಧಿ ಬೇಡ್ವಾ ಕೇಳಿಸ್ಕೊಂಡೋರ್ಗೆ?"

ಗೋಡೆಯ ಮೇಲೆ ರುದ್ರಪ್ಪನವರ ತಲೆ ಕಾಣಿಸಿತು. "ಅದು ನ... ನಮ್ಗೆ ಹೇಳಿದ್ದಾ? ನಮ್ ಅಂಗಳ ಗಲೀಜು ಅಂತ ಹಂಗಿಸ್ತಿದ್ದಾಳೆ ಅಂದ್ಕೊಂಡೆ." ಇದನ್ನು ಅವರು ಸೈಕಲ್ಲಿಗೆ ಹೇಳಲು ಮರೆತು ನನಗೆ ಹೇಳಿದರು.

ಆ ಹೊತ್ತಿಗೆ ಉಮಾ ಶಾಲೆಯಿಂದ ಬಂದರು. ಕೈಚೀಲ ಹೆಗಲಲ್ಲಿರುವಾಗಲೇ ನನ್ನನ್ನು ಕಂಡು ನೇರವಾಗಿ ಕಣ್ಣಮ್ಮನವರ ಅಂಗಳಕ್ಕೆ ಬಂದು, ಕೇಳಬೇಕೋ ಬೇಡವೋ ಎಂಬಂತೆ ಗೇಟಿನ ಬಳಿ ನಿಂತರು. ಕಣ್ಣಮ್ಮ ಅವರನ್ನು ನೋಡಿದರು. ಮುಖ ತಿರುಗಿಸಬೇಕೆಂದು ಕತ್ತು ಅರ್ಧ ಹೊರಳಿತು, ಆದರೆ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು.

ಯಾರ ಫೋನೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅಲುಗಲಿಲ್ಲ.

"ನಾನ್ ಎತ್ತಲ್ಲಪ್ಪ," ಎಂದರು ಕಣ್ಣಮ್ಮ, ಮೇಕೆಯ ಕೊರಳ ಹಗ್ಗ ಸರಿಮಾಡುತ್ತಾ. "ಕಿತ್ತಾಕೋ ನಂಬರಿಗೆ ಬರೋ ಫೋನು ನಾನ್ಯಾಕೆ ಎತ್ಲಿ, ಅಲ್ವಾ ಮುತ್ತು?"

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಗ್ರಾಹಕರಿಗೆ ಬಂದ ಕರೆಯನ್ನು ನಾವು ಸ್ವೀಕರಿಸಬಾರದೆಂಬ ನಿಯಮ ನನ್ನನ್ನು ಕಟ್ಟಿಹಾಕಿತ್ತು. ಉಮಾ ಹೆಗಲ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಫೋನು ಒಮ್ಮೆ ನಿಂತೇ ಹೋಯಿತೇನೋ ಎನ್ನುವಷ್ಟು ಹೊತ್ತು ಮೌನವಾಗಿ, ಮತ್ತೆ ಆರಂಭವಾಯಿತು.

"ಎತ್ತು ಮಾರಾಯ್ತಿ, ಕಟ್ ಆಗುತ್ತೆ!" ರುದ್ರಪ್ಪನವರು ಬಟ್ಟೆ ಬಿಸಾಡಿ ಗೋಡೆಗೆ ಆತುಕೊಂಡಿದ್ದರು.

ಕಣ್ಣಮ್ಮ ನಿಧಾನವಾಗಿ ತಲೆಯೆತ್ತಿದರು. "ಯಾರ್ಗೆ ಹೇಳಿದ್ದು? ಮೇಕೆಗಾ?"

"ನಿನಗೇ! ಕಣ್ಣಮ್ಮ, ನಿನಗೇ ಹೇಳಿದ್ದು. ಎಕ್ಸ್‌ಚೇಂಜ್ ಬಂದ್ ಆಗಿಲ್ಲ, ನಂದೇ ತಪ್ಪಾಯ್ತು, ಹೋಗು ಓಡು!"

ಕಣ್ಣಮ್ಮ ಓಡಿದರು. ಆ ದೇಹ ಅಷ್ಟು ಹಗುರಾಗಿ ಹೊಸ್ತಿಲು ದಾಟೀತೆಂದು ನಾನು ಎಣಿಸಿರಲಿಲ್ಲ. ಫೋನ್ ಎತ್ತಿ, "ಹಲೋ, ಒಂದ್ನಿಮಿಷ ಮಾ, ಕರೀತೀನಿ," ಎಂದರು. ಬಳಿಕ ರಿಸೀವರನ್ನು ಕೆಳಗಿಟ್ಟು ಬಾಗಿಲಿಗೆ ಬಂದು, ಅಂಗಳದಲ್ಲೇ ನಿಂತಿದ್ದ ಉಮಾ ಅವರನ್ನು ನೋಡುತ್ತಲೇ, ಬೀದಿಯ ಕೊನೆಗೆ ಕೇಳುವಂತೆ ಕೂಗಿದರು: "ಉಮಾ... ಫೋನೂ!"

ಎದುರುಮನೆಯವರು ಹೊರಗೆ ಬಂದು ನೋಡಿದರು. ಒಂದು ವರ್ಷದಿಂದ ಕೇಳಿರದ ಕೂಗು ಅದು.

ಉಮಾ ಮಾತನಾಡಿದ್ದು ಸ್ವಲ್ಪವೇ. "ಹೌದಮ್ಮ, ನಾನೇ... ಹೂಂ, ತಿಂಡಿ ತಿಂದೇ ಹೋಗ್ತೀನಿ," ಎಂದು ನಕ್ಕು, "ಅವ್ರಿಗೆ ನಿಮ್ಮ ಹತ್ರ ಮಾತಾಡ್ಬೇಕಂತೆ," ಎಂದು ಫೋನನ್ನು ಕಣ್ಣಮ್ಮನವರ ಕೈಗಿತ್ತರು. ಅಷ್ಟು ಹೊತ್ತು ಬೀದಿಯನ್ನೇ ನಡುಗಿಸುವಂತಿದ್ದ ದನಿ ಆಗ ಕುಗ್ಗಿತು.

"ನೋಡಮ್ಮಾ, ಒಂದ್ ಮಾತು. ನಾನು ಹುಡುಗಿ ತಾಯಿ ಅಲ್ಲ. ಆ ಮಹಾತಾಯಿ ಇಲ್ಲ, ಹೋಗಿ ಏಳು ವರ್ಷ ಆಯ್ತು. ನಾನು ಪಿಪಿ. ಪಕ್ಕದ್ಮನೆ. ಮೊದ್ಲೇ ಹೇಳ್ಬೇಕಿತ್ತು. ನೀವು ಅಮ್ಮಾ ಅಂದ್ರಿ, ಕೇಳೋಕೆ ಚೆನ್ನಾಗಿತ್ತು."

ರುದ್ರಪ್ಪನವರು ಅದಾಗಲೇ ಗೋಡೆ ಬಳಸಿ ಜಗುಲಿಗೆ ಬಂದು ನಿಂತಿದ್ದರು. ಅತ್ತ ಕಡೆಯಿಂದ ಏನೋ ಪ್ರಶ್ನೆ ಬಂದಿರಬೇಕು. ಕಣ್ಣಮ್ಮ ಫೋನಿನ ಬಾಯಿಗೆ ಕೈ ಮುಚ್ಚಿ, ರುದ್ರಪ್ಪನವರತ್ತ ತಿರುಗಿದರು.

"ರುದ್ರಣ್ಣ, ಹಾಗಾದ್ರೆ ಭಾನುವಾರ ನಾನು ಇರ್ತೀನೋ ಇಲ್ವೋ ಅಂತ ಕೇಳ್ತಿದ್ದಾರೆ. ನಾನಿಲ್ದಿದ್ರೆ ಅವ್ರಿಗೆ ಇಲ್ಲಿ ಗೊತ್ತಿರೋರು ಯಾರೂ ಇಲ್ವಂತೆ."

"ಇರ್ತೀನಿ ಅನ್ನು," ಎಂದರು ರುದ್ರಪ್ಪನವರು. "ಉಪ್ಪಿಟ್ಟು ನೀನೇ ಮಾಡ್ತೀಯ ಅಂತಾನೂ ಹೇಳು. ನನ್ ಉಪ್ಪಿಟ್ಟು ತಿಂದ್ರೆ ಅವರು ಎರಡು ಒತ್ತಿ ಹೋಗ್ತಾರೆ."

ಫೋನ್ ಇಟ್ಟ ಮೇಲೆ ಕಣ್ಣಮ್ಮ ನನ್ನ ಕಡೆ ಬಂದು, "ಎಲ್ಲಮ್ಮಾ ನಿನ್ ಕಾಗ್ದ? ಸಹಿ ಹಾಕ್ತೀನಿ. ಮೊಬೈಲ್ ಬಂದ್ಮೇಲೆ ನನ್ ನಂಬರ್ ಯಾಕೆ, ನಿಜ ತಾನೇ?" ಎಂದರು. ನಾನು ಕಾಗದ ಹೊರತೆಗೆಯುವ ಮೊದಲೇ ಉಮಾ, "ಬೇಡ," ಎಂದರು. ರುದ್ರಪ್ಪನವರೂ, "ಇರ್ಲಿ ಬಿಡಿ ಮೇಡಂ. ನನ್ ನಂಬರ್ನ ಬೇಕಾದ್ರೆ ಕೆಳಗೆಲ್ಲಾದ್ರೂ ಹಾಕಿ," ಎಂದರು.

ಅದಕ್ಕೆ ಅವಕಾಶವಿತ್ತು. ಪರ್ಯಾಯ ಸಂಖ್ಯೆ ಎಂಬ ಇನ್ನೊಂದು ಚೌಕವಿತ್ತು. ಮೊದಲ ಸಂಖ್ಯೆಯನ್ನು ತೆಗೆಯದೆ ಅದನ್ನು ತುಂಬಬಹುದಾಗಿತ್ತು. ವರನ ಕಡೆಯವರು ಕರೆ ಮಾಡುತ್ತಿದ್ದುದು ಮೊದಲ ಸಂಖ್ಯೆಗೇ ಆದ್ದರಿಂದ ಗುರುವಾರ ಅದು ಉಪಯೋಗಕ್ಕೆ ಬರುವಂತಿರಲಿಲ್ಲ. ಮರುದಿನ ಕಚೇರಿಯಲ್ಲಿ ರುದ್ರಪ್ಪನವರ ಮೊಬೈಲನ್ನು ಅಲ್ಲಿ ಸೇರಿಸಿದೆ. ಪ್ರತಿ ಸಂಖ್ಯೆಯ ಮುಂದೆ ಸಂಬಂಧ ಎಂಬ ಪಟ್ಟಿ ತೆರೆದುಕೊಳ್ಳುತ್ತಿತ್ತು: ತಾಯಿ, ತಂದೆ, ಸಹೋದರ, ಸಹೋದರಿ, ಇತರೆ. ಕಣ್ಣಮ್ಮನವರ ಸಂಖ್ಯೆಯ ಮುಂದೆ, ಯಾರೂ ಆರಿಸದೆಯೇ ಮೊದಲಿನಿಂದಲೂ 'ತಾಯಿ' ಎಂದಿತ್ತು. ಅದನ್ನು ಹಾಗೆಯೇ ಬಿಡಲೇ ಎಂದು ಕ್ಷಣಕಾಲ ಯೋಚಿಸಿದೆ. ಆದರೆ ನವುಲೆಯವರಿಗೆ ಕಣ್ಣಮ್ಮ ತಾವಾಗಿಯೇ ನಿಜ ಹೇಳಿದ್ದರು; ಕಂಪ್ಯೂಟರಿನಲ್ಲಿ ಬೇರೆಯದು ಇರುವುದು ಸರಿಯಲ್ಲ. 'ಇತರೆ' ಆರಿಸಿದೆ. ಆಗ ಪಕ್ಕದಲ್ಲಿ ಒಂದು ಪುಟ್ಟ ಚೌಕ ತೆರೆದುಕೊಂಡಿತು. ಅದರಲ್ಲಿ ಅಕ್ಷರಗಳು ಮೂಡುತ್ತಿದ್ದವು. ರುದ್ರಪ್ಪನವರು ಒಂದು ವರ್ಷದ ಹಿಂದೆ ಬರೆಸಲು ಹೇಳಿದ್ದ ಆ ಎರಡು ಅಕ್ಷರಗಳನ್ನು ಅಲ್ಲಿ ಬರೆದೆ: ಪಿ.ಪಿ.

ಸೋಮವಾರವೇ ಮ್ಯಾನೇಜರ್ ಫೋನ್ ಮಾಡಿದರು. "ಸಂಬಂಧ ಪಿ.ಪಿ. ಅಂತ ಬರದೀರಿ. ಇದ್ಯಾವ ಸಂಬಂಧ ರೀ?" ನಾನು ಹೇಳಬೇಕೆಂದಿದ್ದ ಶಿಷ್ಟ ವಿವರಣೆ ನಾಲಿಗೆಯ ತುದಿಯಲ್ಲಿತ್ತು. ಅದರ ಬದಲು, "ಸರ್, ಪಕ್ಕದ್ಮನೆಯೋರು. ಕೂಗಿ ಕರೆಯೋರು," ಎಂದೆ. ಅವರು ನಕ್ಕು, "ಹಂಗಂದ್ರ ಸರಿ ಐತಿ ಬಿಡ್ರಿ," ಎಂದರು.

ಮದುವೆ ನಿಶ್ಚಯವಾದ ಮೇಲೆ, ಖಾತೆಯನ್ನು ಮುಚ್ಚಿಸಲು ತಂದೆ ಮಗಳು ಮತ್ತೆ ಬಂದರು. ಖಾತೆ ಮುಚ್ಚುವುದಕ್ಕೂ ಮೊದಲ ಸಂಖ್ಯೆಗೆ ಕರೆ ಹೋಗಿ, ಅಲ್ಲಿಂದ ಸಮ್ಮತಿ ಬರಬೇಕಾಗಿತ್ತು. ನಾನು ಗುಂಡಿ ಒತ್ತಿದೆ. ಮೂವರೂ ಪರದೆಯನ್ನೇ ನೋಡುತ್ತಾ ಕುಳಿತೆವು. ಬಹಳ ಹೊತ್ತು ಏನೂ ಮೂಡಲಿಲ್ಲ. "ಆ ಒಂದು ಒತ್ತು, ಎರಡು ಒತ್ತು ಹುಡುಗಿಗೆ ಮದ್ವೆ ಊಟಕ್ಕೆ ಏನೇನ್ ಮಾಡ್ಸ್ತೀವಿ ಅಂತ ಹೇಳ್ತಾ ಇರ್ತಾಳೆ," ಎಂದರು ರುದ್ರಪ್ಪನವರು. ಆಮೇಲೆ ಹಸಿರು ಅಕ್ಷರದಲ್ಲಿ ಬಂತು: ಸಮ್ಮತಿಸಲಾಗಿದೆ. ಅದರ ಬೆನ್ನಿಗೇ ಕಚೇರಿಯ ದೂರವಾಣಿ ಹೊಡೆದುಕೊಂಡಿತು. ಎತ್ತಿದರೆ ಕಣ್ಣಮ್ಮ.

"ಒಂದು ಒತ್ತಿದ್ದೀನಿ ಮಾ. ಗಟ್ಟಿಯಾಗೇ ಒತ್ತಿದ್ದೀನಿ. ಬಂತಾ ಅಲ್ಲಿಗೆ?"

ಆ ಶಾಖೆ ಈಗಿಲ್ಲ. ನಾನು ಬೇರೆ ಸಂಸ್ಥೆಗಳಲ್ಲಿ ಇದೇ ಬಗೆಯ ಕೆಲಸವನ್ನು ಮುಂದುವರಿಸಿದೆ. ಖಾತೆಗೆ ಜೋಡಿಸಿದ ಸಂಖ್ಯೆ ಬದಲಿಸಿಕೊಡಿ ಎಂದು ದಿನವೂ ಯಾರಾದರೂ ಬರುತ್ತಾರೆ. ಪಿನ್ ಯಾರಿಗೂ ಹೇಳಬೇಡಿ, ಹಳೆಯ ಸಂಖ್ಯೆ ಕೈತಪ್ಪುವ ಮೊದಲೇ ಹೊಸದನ್ನು ಸೇರಿಸಿ ಎಂಬ ಎಚ್ಚರಿಕೆಗಳನ್ನು ಅವರಿಗೆ ತಪ್ಪದೆ ಹೇಳುತ್ತೇನೆ, ಅವು ಬೇಕಾದವೇ. ಆದರೆ ಕೆಲಸ ಆರಂಭಿಸುವ ಮೊದಲು ನಾನು ಕೇಳುವ ಪ್ರಶ್ನೆ ಯಾವ ಮಾದರಿಯಲ್ಲೂ ಇಲ್ಲ. ಅದನ್ನು ನನಗೆ ಕಲಿಸಿದ್ದು ಜನ್ನಾಪುರದ ಆ ಜಗುಲಿ.

"ಈ ಹಳೇ ನಂಬರ್ ಯಾರದು?" ಎಂದು ಕೇಳುತ್ತೇನೆ. "ತೆಗೀತಾ ಇದ್ದೀವಿ ಅಂತ ಅವ್ರಿಗೆ ನೀವೇ ಒಂದು ಮಾತು ಹೇಳಿದ್ದೀರಾ?"